ಗೂಡಿನ ಗೋದಾಮಿನಲ್ಲಿ ಆಡಿದ ಮಾತು

ನಮ್ಮೂರಲ್ಲಿ ಯಾರಾದರೂ ಕೂಗಿದರೆ ಮುಖ ನೋಡದೆ "ಓ" ಅನ್ನಬಾರದು. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಇದು ಗೊತ್ತಿರಲಿಲ್ಲ. ಬಾಗಿಲಲ್ಲಿ ಯಾರೋ "ಒಂದು ಲೋಟ ಮಜ್ಜಿಗೆ ಕೊಡ್ರವ್ವಾ" ಅಂದರೆ ಲೋಟ ಹಿಡಿದು ಓಡಿಬರುತ್ತಿದ್ದೆ. ನೋಡಿದರೆ ಬೀದಿ ಖಾಲಿ. ಅತ್ತೆ ಒಲೆಯ ಮುಂದೆ ಕೂತು ನಗುತ್ತಿದ್ದರು. "ಅದು ಹೋದೊರ್ಷದ್ದು ಕಣವ್ವ, ಒಳಕ್ಕೆ ಬಾ." ಹೋದ ವರ್ಷ ಇದೇ ತಾರೀಖು, ಇದೇ ಹೊತ್ತಿಗೆ, ಇದೇ ಹೊಸಿಲ ಮುಂದೆ ಯಾರೋ ಮಜ್ಜಿಗೆ ಕೇಳಿದ್ದರು. ಅದು ಈ ವರ್ಷ ಇನ್ನೊಂದು ಸಲ ಕೇಳಿಸಿತು. ಅಷ್ಟೆ. ಒಂದೇ ಸಲ. ಹಾಗೆ ತಿರುಗಿ ಬಂದ ಸದ್ದು ಮತ್ತೆ ಬರುವುದಿಲ್ಲ.

ನಾನು ಹುಟ್ಟಿದ್ದು ಗುಡ್ಡದಾಚೆಯ ಹಳ್ಳಿಯಲ್ಲಿ. ಅಲ್ಲಿ ಆಡಿದ ಮಾತು ಆಡಿದ ಕಡೆಯೇ ಸಾಯುತ್ತಿತ್ತು. ಹಳ್ಳಿ ಸ್ಕೂಲಿನಲ್ಲಿ ಏಳನೇ ಕ್ಲಾಸು ಮುಗಿಸಿ, ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ಕೂಗಿ ಬೆಳೆದವಳು ನಾನು. ಸಿಟ್ಟು ಬಂದರೆ ಬೈಯುತ್ತಿದ್ದೆ, ಬೈದು ಮರೆಯುತ್ತಿದ್ದೆ. ಈ ಊರಿನವರು ಹಾಗಲ್ಲ. ತೊಟ್ಟಿಲಲ್ಲಿದ್ದಾಗಿನಿಂದ ತಮ್ಮ ಅಳುವನ್ನು ತಾವೇ ಎರಡು ಸಲ ಕೇಳಿ ಬೆಳೆದವರು. ಉಪ್ಪಿನಕಾಯಿಗೆ ಉಪ್ಪು ಹಾಕುವ ಹಾಗೆ ಮಾತು ಹಾಕುತ್ತಾರೆ. ಪ್ರತಿ ಮನೆಯ ಗೋಡೆಯಲ್ಲೂ ಎರಡು ಕ್ಯಾಲೆಂಡರ್ ಇರುತ್ತವೆ, ಈ ವರ್ಷದ್ದು ಮತ್ತು ಹೋದ ವರ್ಷದ್ದು. ಮನೆಯಲ್ಲಿ ಕೆಟ್ಟ ಮಾತು ಆಡಿದರೆ ಆ ತಾರೀಖಿನ ಮೇಲೆ ಇದ್ದಿಲಿನಲ್ಲಿ ಚುಕ್ಕೆ ಇಟ್ಟು ಗಂಟೆ ಬರೆದುಬಿಡುತ್ತಾರೆ. ಮರುವರ್ಷ ಆ ಹೊತ್ತಿಗೆ ಸರಿಯಾಗಿ ಮನೆಮಂದಿಯೆಲ್ಲ ಎದ್ದು ಜಗಲಿಗೆ ಹೋಗಿ ಕೂತು, ಒಳಗಿನ ಜಗಳ ತನ್ನಷ್ಟಕ್ಕೆ ತಾನು ಮುಗಿದ ಮೇಲೆ ಒಳಗೆ ಬರುತ್ತಾರೆ. ನಾನು ಬಂದ ವರ್ಷ ನಮ್ಮ ಮನೆಯ ಕ್ಯಾಲೆಂಡರ್ ಇರುವೆ ಮುತ್ತಿದ ಬೆಲ್ಲದಚ್ಚಿನ ಹಾಗೆ ಕಪ್ಪಾಗಿತ್ತು. ಮರುವರ್ಷ ನಮ್ಮ ಮಾವ ಮನೆಯೊಳಗೆ ಇದ್ದದ್ದಕ್ಕಿಂತ ಜಗಲಿಯಲ್ಲಿ ಇದ್ದದ್ದೇ ಹೆಚ್ಚು. ನಾಲ್ಕು ವರ್ಷಕ್ಕೊಮ್ಮೆ ಬರುವ ಫೆಬ್ರವರಿ ಇಪ್ಪತ್ತೊಂಬತ್ತರಂದು ಮಾತ್ರ ಊರಿಗೆ ಊರೇ ಬಾಯಿ ಬಿಟ್ಟು ಜಗಳವಾಡುತ್ತಿತ್ತು. ಅದು ತಿರುಗಿ ಬರುವುದು ಇನ್ನೂ ನಾಲ್ಕು ವರ್ಷಕ್ಕೆ, ಅಷ್ಟರಲ್ಲಿ ಯಾರಿಗೆ ಏನು ನೆನಪು. ನನಗೆ ಆ ಒಂದು ದಿನ ಸಾಲುತ್ತಿರಲಿಲ್ಲ.

ನನ್ನ ಗಂಡ ಮರಿಸ್ವಾಮಿ ಹಿಟ್ಟಿನ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದ. ಈ ಊರಿನವನೇ, ಅದರಲ್ಲೂ ಮಾತು ಕಡಿಮೆ. ನಾನು ನೂರು ಅಂದರೆ ಅವನು ಒಂದೂ ಅನ್ನುತ್ತಿರಲಿಲ್ಲ. ಬೈದರೆ ತಲೆ ತಗ್ಗಿಸಿ ತೋಳಿನ ಹಿಟ್ಟು ಕೊಡವಿಕೊಳ್ಳುತ್ತಿದ್ದ. ಜಗಳಕ್ಕೆ ಎದುರಾಳಿಯೇ ಇಲ್ಲದಿದ್ದರೆ ಸಿಟ್ಟು ಎಲ್ಲಿಗೆ ಹೋಗಬೇಕು? ಇನ್ನೂ ಏರುತ್ತಿತ್ತು.

ಊರ ಹೊರಗೆ ರೇಷ್ಮೆ ಫಿಲೇಚರ್ ಇತ್ತು, ಗೂಡು ಬೇಯಿಸಿ ನೂಲು ತೆಗೆಯುವ ಕಾರ್ಖಾನೆ. ಅಲ್ಲಿ ನಾಲ್ಕು ವರ್ಷ ಬಿಸಿನೀರಿಗೆ ಕೈ ಅದ್ದಿ ಎಳೆ ಹುಡುಕಿದವಳು ನಾನು. ಅಲ್ಲಿ ನನ್ನ ಬಾಯಿ ಯಾರಿಗೂ ಭಾರವಾಗಿರಲಿಲ್ಲ. ಯಂತ್ರದ ಸದ್ದಿನಲ್ಲಿ ಕೂಗದೆ ಮಾತಾಡಲು ಆಗುತ್ತಲೇ ಇರಲಿಲ್ಲ. ಒಂದು ದಿನ ಅದಕ್ಕೆ ಬೀಗ ಬಿತ್ತು. ಬೀಗ ಬಿದ್ದ ಮೇಲೂ ಫಿಲೇಚರ್ ಒಂದು ವರ್ಷ ನಡೆಯಿತು. ಬೆಳಿಗ್ಗೆ ಎಂಟಕ್ಕೆ ಸೈರನ್, ಆಮೇಲೆ ರಾಟೆ ತಿರುಗುವ ಸದ್ದು, ಮೇಸ್ತ್ರಿಯ ಗದರಿಕೆ, ನಮ್ಮದೇ ನಗು. ನಾವು ಹೆಂಗಸರು ಕೆಲಸವಿಲ್ಲದೆ ಗೇಟಿನ ಸರಳು ಹಿಡಿದು ನಿಂತು, ಒಳಗೆ ನಾವು ಕೆಲಸ ಮಾಡುವುದನ್ನು ಕೇಳುತ್ತಿದ್ದೆವು. ಕೊನೆಯ ಸೈರನ್ನು ಆದ ದಿನ ಯಾರೂ ಯಾರ ಮುಖವನ್ನೂ ನೋಡದೆ ಮನೆಗೆ ಹೋದೆವು. ಆ ದಿನಗಳನ್ನು ನೆನೆದರೆ ಈಗಲೂ ನನ್ನ ಬೆರಳ ತುದಿ ಬೆಚ್ಚಗಾಗುತ್ತದೆ.

ಆ ಖಾಲಿ ಕಟ್ಟಡಕ್ಕೆ ಜೀವ ಕೊಟ್ಟವರು ನಾಗೋಜಿ ಮೇಷ್ಟ್ರು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತಿಯಾಗಿದ್ದ ಮನುಷ್ಯ. ದೊಡ್ಡ ಊರಿನ ಯಾವುದೋ ಕಲಾಸಂಸ್ಥೆಗೆ ಕಾಗದದ ಮೇಲೆ ಕಾಗದ ಬರೆದು, ಫಿಲೇಚರನ್ನು ಕಲಾವಿದರ ತಂಗುಮನೆ ಮಾಡಿಸಿದರು. ಬರುವವರಿಗೆ ಊಟ, ವಸತಿ, ಕೆಲಸಕ್ಕೆ ಜಾಗ ಎಲ್ಲ ಪುಕ್ಕಟೆ. ಏನು ಬೇಕಾದರೂ ಮಾಡಿ ನೋಡಬಹುದು, ಕೆಟ್ಟರೂ ಕೇಳುವವರಿಲ್ಲ. ಒಂದೇ ನಿಯಮ, ವರ್ಷ ಕಳೆದ ಮೇಲೂ ಒಂದಷ್ಟು ದಿನ ಇರಲೇಬೇಕು. "ಬಂದ ದಿನ ಏನಂದೆವು ಅನ್ನೋದನ್ನ ಕೇಳಿಸ್ಕೊಂಡೇ ಹೋಗ್ಲಿ" ಅನ್ನುತ್ತಿದ್ದರು ಮೇಷ್ಟ್ರು. ಒಬ್ಬ ಹುಡುಗ ಬಂದ ದಿನ ಬ್ಯಾಗು ಇಳಿಸುತ್ತ "ಥೂ, ಎಂಥಾ ದರಿದ್ರ ಊರಿಗೆ ಬಂದೆ" ಅಂದಿದ್ದ. ಮರುವರ್ಷ ಆ ಮಾತು ಬರುವ ಹೊತ್ತಿಗೆ ಅವನು ಅದೇ ಜಾಗದಲ್ಲಿ ನನ್ನ ಕೈಯಿಂದ ಕಜ್ಜಾಯ ಇಸಿದುಕೊಳ್ಳುತ್ತಿದ್ದ. ಕಿವಿಯವರೆಗೆ ಕೆಂಪಾದ.

ಅಲ್ಲಿ ಅಡುಗೆಗೆ ಮತ್ತು ಬೀಗದ ಕೈಗಳಿಗೆ ನಾನು. ಬರುವವರು ಕುಂಚ, ಬಣ್ಣದವರಲ್ಲ. ಎಲ್ಲರೂ ತಂತಿ, ಪೆಟ್ಟಿಗೆ, ಕ್ಯಾಮೆರಾ ತರುವವರು. ಒಬ್ಬಳು ನನ್ನ ಒಲೆಯ ಹೊಗೆಯ ಮೇಲೆ ಸಿನಿಮಾ ಬಿಡುತ್ತಿದ್ದಳು. ಚಿತ್ರ ಗಟ್ಟಿಯಾಗಿ ಕಾಣಬೇಕಾದರೆ ನಾನು ಹಸಿ ಸೌದೆ ಒಟ್ಟಬೇಕು. ಹೆಸರು ಅವಳಿಗೆ, ಕಣ್ಣುರಿ ನನಗೆ. ಇನ್ನೊಬ್ಬ ಹುಣಸೆಮರಕ್ಕೆ ತಾಮ್ರದ ತಂತಿ ಸುತ್ತಿ ಅದರ ತುದಿಯನ್ನು ಪೆಟ್ಟಿಗೆಗೆ ಸಿಕ್ಕಿಸಿ, ಮರ ಮಾತಾಡುವುದನ್ನು ಕೇಳುತ್ತೇನೆ ಎಂದು ತಿಂಗಳುಗಟ್ಟಲೆ ಕೂತ.

"ಮರ ಏನಂತದಪ್ಪ?" ಅಂದೆ.

"ಇನ್ನೂ ಗೊತ್ತಾಗಿಲ್ಲ ತಾಯಮ್ಮ."

"ಹಸಿವಾಗದಾ ಅಂತ ಕೇಳು. ಇಲ್ಲಿ ಮುದ್ದೆ ಆರೋಯ್ತಾ ಐತೆ."

ನನಗೆ ಅವರು ಮಾಡಿದ್ದರಲ್ಲಿ ಅರ್ಧಕ್ಕರ್ಧ ತಿಳಿಯಲಿಲ್ಲ. ತಿಳಿಯದಿದ್ದರೆ ತಿಳಿಯಲಿಲ್ಲ ಅಂತ ಮುಖಕ್ಕೆ ಹೇಳುತ್ತಿದ್ದೆ. ಅದಕ್ಕೇ ಇರಬೇಕು, ಕೆಲಸ ಮುಗಿದ ಕೂಡಲೇ ಎಲ್ಲರೂ ಮೊದಲು ನನ್ನನ್ನೇ ಕರೆದು ತೋರಿಸುತ್ತಿದ್ದರು. ನನ್ನ ಬಾಯಿಗೆ ಬೆಲೆ ಇದ್ದ ಕಾಲ ಅಂದರೆ ಫಿಲೇಚರಿನ ಕೆಲಸ ಹೋದ ಮೇಲೆ ಅದೊಂದೇ.

ವಸುಮತಿ ಬಂದದ್ದು ಮೂರನೆಯ ವರ್ಷ. ಮೂವತ್ತೈದರ ಆಸುಪಾಸಿನ ಹೆಂಗಸು, ತೆಳ್ಳಗೆ, ನೆಟ್ಟಗೆ. ಊರೂರು ತಿರುಗಿ ಸದ್ದು ಹಿಡಿಯುವುದೇ ಅವಳ ಕಸುಬು. ಸಂತೆಯ ಸದ್ದು, ಹೊಳೆಯ ಸದ್ದು, ರೈಲು ನಿಲ್ದಾಣದ ಸದ್ದು. ಆ ಟೇಪುಗಳನ್ನು ಕತ್ತರಿಸಿ ಅಂಟಿಸಿ ಏನೇನೋ ಮಾಡುತ್ತಿದ್ದಳಂತೆ. ಎಲ್ಲರೂ ನಮ್ಮೂರಿಗೆ ತಿರುಗಿ ಬರುವ ಸದ್ದನ್ನು ಹಿಡಿಯಲು ಬಂದರೆ, ಇವಳು ಬಂದ ವಾರಕ್ಕೆ ನನ್ನನ್ನು ಕೇಳಿದ್ದು ಬೇರೆ.

"ತಾಯಮ್ಮ, ಈ ಊರಲ್ಲಿ ಯಾವ ಸದ್ದೂ ಇಲ್ಲದ ಜಾಗ ಯಾವುದು?"

"ಸುಡುಗಾಡಲ್ಲೂ ಹೋದೊರ್ಷದ ಅಳು ಇರ್ತದೆ ಕಣಮ್ಮ. ಅಂಥ ಜಾಗ ಇಲ್ಲಿ ಇಲ್ಲ."

"ಹಾಗಾದ್ರೆ ನಾವು ಮಾಡೋಣ."

ಫಿಲೇಚರಿನ ಹಿಂದೆ ಗೂಡು ಶೇಖರಿಸುವ ಗೋದಾಮು ಇತ್ತು. ಎರಡು ಮೊಳ ದಪ್ಪದ ಗೋಡೆ, ಕಿಟಕಿಯಿಲ್ಲ, ಒಂದೇ ಬಾಗಿಲು. ಅದರೊಳಗೆ ಒಂದು ವರ್ಷ ಯಾರೂ ಒಂದು ಮಾತೂ ಆಡಬಾರದು, ಒಂದು ಸದ್ದೂ ಮಾಡಬಾರದು. ಆಗ ಮರುವರ್ಷ ಆ ಕೋಣೆಗೆ ತಿರುಗಿಸಿ ಕೊಡಲು ಏನೂ ಇರುವುದಿಲ್ಲ. ಊರಿನವರನ್ನು ಕರೆದು ಒಂದು ಗಂಟೆ ಅಲ್ಲಿ ಕೂರಿಸುತ್ತಾಳೆ. ಅಷ್ಟೇ ಅವಳ ಕೆಲಸ.

"ಏನೂ ಇಲ್ಲದ್ದನ್ನ ಕೇಳಕ್ಕೆ ಜನ ಯಾಕೆ ಬತ್ತಾರೆ?" ಅಂದೆ.

"ಇಲ್ಲಿಯವರು ಹುಟ್ಟಿದಾಗಿನಿಂದ ಅದನ್ನ ಕೇಳಿಲ್ಲ, ಅದಕ್ಕೆ" ಅಂದಳು.

ಊರಿನವರು ಮೊದಲು ನಕ್ಕರು. ಆಮೇಲೆ ಅವರಿಗೇ ಆಸೆ ಹುಟ್ಟಿತು. ಗೋಡೆಗೆ ಹೊದಿಸಲು ಹಳೇ ಬಟ್ಟೆ ಬೇಕು ಎಂದು ಮೇಷ್ಟ್ರು ಹೇಳಿದ್ದೇ ತಡ, ಮನೆಮನೆಯಿಂದ ಕಂಬಳಿ, ಕೌದಿ ಬಂದವು. ಬಾಣಂತಿಯರ ಕೌದಿ, ಸತ್ತವರ ಕಂಬಳಿ, ನಮ್ಮತ್ತೆ ತಮ್ಮ ಮದುವೆಯ ಜಮಖಾನ ಕೂಡ ಕೊಟ್ಟರು. ಗೋಡೆಗೆ, ಚಾವಣಿಗೆ, ನೆಲಕ್ಕೆ ಎಲ್ಲ ಕಡೆ ಹೊದಿಸಿ, ಸಂಕ್ರಾಂತಿಯ ಮಾರನೆಯ ದಿನ ವಸುಮತಿ ಬಾಗಿಲು ಮುಚ್ಚಿದಳು. ಒಳಗೆ ಒಂದು ಮೈಕು, ಹೊರಗೆ ಒಂದು ಯಂತ್ರ. ಒಳಗೆ ಸದ್ದಾದರೆ ಯಂತ್ರದ ಮುಳ್ಳು ಕಾಗದದ ಮೇಲೆ ಕುಣಿಯಬೇಕು, ಇಲ್ಲದಿದ್ದರೆ ನೆಟ್ಟಗೆ ಗೆರೆ ಎಳೆಯುತ್ತಾ ಹೋಗಬೇಕು. ಪ್ರತಿ ಸಂಜೆ ಅವಳು ಆ ದಿನದ ಕಾಗದ ಬಿಚ್ಚಿ ನೋಡುತ್ತಿದ್ದಳು. ನೆಟ್ಟನೆಯ ಗೆರೆ. ಅದನ್ನು ಸುತ್ತಿ, ತಾರೀಖು ಬರೆದು ಕಪಾಟಿನಲ್ಲಿ ಇಡುತ್ತಿದ್ದಳು. ನೋಡಿದವರಿಗೆ ಹುಚ್ಚು ಅನ್ನಿಸಬೇಕು. ನನಗೆ ಅನ್ನಿಸಲಿಲ್ಲ. ಒಂದು ಎಳೆ ಎಲ್ಲೂ ತುಂಡಾಗದ ಹಾಗೆ ಎಳೆಯುವ ಕಷ್ಟ ಏನೆಂದು ನನ್ನ ಬೆರಳಿಗೆ ಗೊತ್ತಿತ್ತು.

ಒಂದೇ ತೊಡಕು. ದಿನಾ ಮಧ್ಯಾಹ್ನ ಮೂರರಿಂದ ನಾಲ್ಕು ಗಂಟೆ ಕರೆಂಟು ಇರುತ್ತಿರಲಿಲ್ಲ. ಆ ಒಂದು ಗಂಟೆ ಯಂತ್ರ ನಿಂತುಬಿಡುತ್ತಿತ್ತು. ವಸುಮತಿ ಇನ್ನೊಂದು ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು ಹೇಳಿದಳು, "ಉಳಿದ ಇಪ್ಪತ್ತಮೂರು ಗಂಟೆ ಯಂತ್ರ ನೋಡ್ಕೊಳ್ಳುತ್ತೆ. ಈ ಒಂದು ಗಂಟೆ ನಿಮ್ಮದು ತಾಯಮ್ಮ." ನನಗೆ ಆಗ ಯಾರಾದರೂ ಬೀದಿಯಲ್ಲಿ ಹಾರ ಹಾಕಿದ್ದರೂ ಅಷ್ಟು ಹೆಮ್ಮೆಯಾಗುತ್ತಿರಲಿಲ್ಲ. ಬೀಗದ ಕೈಯನ್ನು ಅಡುಗೆಮನೆಯ ಮೊಳೆಗೆ ನೇತುಹಾಕಿ, ದಿನಾ ಆ ಹೊತ್ತು ಬಾವಿಕಟ್ಟೆಯಲ್ಲಿ ಪಾತ್ರೆ ತಿಕ್ಕುತ್ತ ಗೋದಾಮಿನ ಕಡೆ ಒಂದು ಕಣ್ಣು ಇಟ್ಟಿರುತ್ತಿದ್ದೆ. ಬಾವಿಕಟ್ಟೆಯಿಂದ ಗೋದಾಮಿನ ಗೋಡೆ ಕಾಣುತ್ತಿತ್ತು, ಬಾಗಿಲು ಕಾಣುತ್ತಿರಲಿಲ್ಲ. ಅಷ್ಟು ದಡ್ಡಿ ನಾನು.

ಮಾರ್ಚ್ ಹದಿನೆಂಟು. ವಸುಮತಿ ಏನೋ ಬಿಡಿಭಾಗ ತರಲು ಹೊರಗಿನ ಊರಿಗೆ ಹೋಗಿದ್ದಳು. ಮೂರು ಗಂಟೆಗೆ ಕರೆಂಟು ಹೋಯಿತು. ಪಾತ್ರೆಗೆ ಬೂದಿ ಸಾಲದೆ ಅಡುಗೆಮನೆಗೆ ಬಂದೆ. ಮೊಳೆ ಖಾಲಿ. ಗೋದಾಮಿಗೆ ಓಡಿದರೆ ಬೀಗ ತೆಗೆದಿದೆ, ಬಾಗಿಲು ಬೆರಳಷ್ಟು ಸರಿದಿದೆ. ತಳ್ಳಿದೆ. ಒಳಗೆ ಕೌದಿಗಳ ಮೇಲೆ, ಚಪ್ಪಲಿಯನ್ನು ತಲೆಯ ಹತ್ತಿರ ಜೋಡಿಸಿಟ್ಟುಕೊಂಡು, ನನ್ನ ಗಂಡ ಅಂಗಾತ ಮಲಗಿದ್ದಾನೆ. ಕರೆಂಟು ಹೋದರೆ ಗಿರಣಿಗೂ ಬಿಡುವು. ಎಷ್ಟು ದಿನದಿಂದ ಹೀಗೆ ಬರುತ್ತಿದ್ದನೋ. ಕಣ್ಣು ತೆರೆದೇ ಇದ್ದ, ಚಾವಣಿ ನೋಡುತ್ತಿದ್ದ. ಊರಲ್ಲಿ ನನ್ನ ದನಿ ಇಲ್ಲದ ಜಾಗ ಅದೊಂದೇ. ಅದನ್ನು ಹುಡುಕಿಕೊಂಡು ಬಂದಿದ್ದಾನೆ ಅಂತ ನನಗೆ ತಕ್ಷಣ ಹೊಳೆಯಿತು. ಆಮೇಲೆ ನನಗೆ ಏನೂ ಹೊಳೆಯಲಿಲ್ಲ.

"ಎಲಾ ಎಲಾ! ಇಲ್ಲಿ ಬಿದ್ಕಂಡಿದೀಯಾ ದೊರೆ? ಊರೆಲ್ಲ ಉಸುರು ಬಿಗಿ ಹಿಡ್ಕಂಡು ಕಾಯ್ತಾ ಇರೋ ಕ್ವಾಣೆ, ನಿಂಗೆ ಹಾಸ್ಗೆ ಮನೆ ಆಯ್ತಾ? ನಿನ್ನ ಕಟ್ಕಳೋ ಬದ್ಲು ನಮ್ಮಪ್ಪ ನನ್ನ ಹಾಳು ಬಾವಿಗೆ ತಳ್ಳಿದ್ರೂ ಆಗಿತ್ತು! ಒಂದು ಮಾತಿಲ್ಲ, ಒಂದು ಕತೆಯಿಲ್ಲ. ಅಂದ್ರೆ ಅನ್ನಕಿಲ್ಲ, ಆಡಿದ್ರೆ ಆಡಕಿಲ್ಲ. ನೀನೇನು ಮನುಷ್ಯನಾ, ಬೀಸೋ ಕಲ್ಲಾ? ಕಲ್ಲಾದ್ರೂ ತಿರುವುದ್ರೆ ಸದ್ದು ಮಾಡ್ತದೆ!"

ಇಷ್ಟನ್ನೂ ಗಂಟಲು ಹರಿಯುವ ಹಾಗೆ ಕೂಗಿ, ಬಾಗಿಲನ್ನು ದಡಾರನೆ ಎಳೆದುಕೊಂಡು ಹೊರಟೆ. ಬಾವಿಕಟ್ಟೆ ತಲುಪಿ, ಪಾತ್ರೆ ಕೈಗೆತ್ತಿಕೊಂಡ ಮೇಲೆ ನಾನು ಎಲ್ಲಿ ನಿಂತು ಕೂಗಿದೆ ಅನ್ನುವುದು ನೆನಪಾಯಿತು.

ಮರಿಸ್ವಾಮಿ ಸ್ವಲ್ಪ ಹೊತ್ತಿಗೆ ಬಂದು ಬೀಗದ ಕೈಯನ್ನು ಮೊಳೆಗೆ ಹಾಕಿ ಗಿರಣಿಗೆ ಹೋದ. ಸಂಜೆ ಊಟಕ್ಕೆ ಕೂತಾಗ ಕೇಳಿದೆ, "ಯಾಕೆ ಹೋಗಿದ್ದೆ ಅಲ್ಲಿಗೆ?"

"ಸುಮ್ಕೆ" ಅಂದ. ಮುದ್ದೆ ಮುರಿದು ಸಾರಿನಲ್ಲಿ ಅದ್ದಿದ. ಆಮೇಲೆ ಅವನೂ ಅಲ್ಲಿಗೆ ಹೋಗಲಿಲ್ಲ, ನಾನೂ ಆ ಮಾತು ಎತ್ತಲಿಲ್ಲ. ವಸುಮತಿ ಮಾರನೆಯ ದಿನ ಬಂದು ಕಾಗದ ಬಿಚ್ಚಿದಳು. ಮೂರರವರೆಗೆ ನೆಟ್ಟನೆಯ ಗೆರೆ, ನಾಲ್ಕರಿಂದ ನೆಟ್ಟನೆಯ ಗೆರೆ. "ನಿಮ್ಮ ಗಂಟೆ ಹೇಗಿತ್ತು?" ಎಂದು ನಕ್ಕಳು. "ಚೆನ್ನಾಗಿತ್ತು" ಅಂದೆ. ಊರವರ ಮುಖಕ್ಕೆ ಹೊಡೆದ ಹಾಗೆ ಮಾತಾಡುವ ನನ್ನ ಬಾಯಿಂದ ಬಂದ ಮೊದಲ ಸುಳ್ಳು ಅದು.

ಒಂದು ವರ್ಷ ನಾನು ಆ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೆ. ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ವರ್ಷಕ್ಕೆ ಮುನ್ನೂರ ಅರವತ್ತೈದು ದಿನ. ಜನ ಬಂದು ಕೂರುವುದು ಒಂದು ದಿನ, ಒಂದು ಗಂಟೆ. ಆ ದಿನ ಈ ದಿನ ಯಾಕಾಗಬೇಕು? ನನ್ನ ಬೈಗಳು ಯಾರೂ ಇಲ್ಲದಾಗ ಬಂದು, ಕೌದಿಗೆ ಬಡಿದು ಸಾಯಲಿ. ಇತ್ತ ವಸುಮತಿ ದಿನದಿಂದ ದಿನಕ್ಕೆ ಅರಳುತ್ತಿದ್ದಳು. ಗೋದಾಮಿನ ಮುಂದೆ ಹೋಗುವಾಗ ಊರ ಮಕ್ಕಳು ಕೂಡ ತುದಿಗಾಲಲ್ಲಿ ನಡೆಯುತ್ತಿದ್ದವು. ಹೊಸದಾಗಿ ಬಂದವರು ಅಲ್ಲಿ ಕೆಮ್ಮಿದರೆ ಯಾರಾದರೂ ಒಬ್ಬರು ಬಂದು ಬಾಯಿ ಮುಚ್ಚುತ್ತಿದ್ದರು. ಅಂಥ ಒಗ್ಗಟ್ಟು ನಮ್ಮೂರಲ್ಲಿ ಅದಕ್ಕೆ ಮೊದಲೂ ಕಾಣೆ, ಆಮೇಲೂ ಕಾಣೆ.

ಮರುವರ್ಷ ಶಿವರಾತ್ರಿ ಮುಗಿದ ಮೇಲೆ ನಾಗೋಜಿ ಮೇಷ್ಟ್ರು ಅಡುಗೆಮನೆಗೆ ಬಂದು ಒಂದು ಕಾಗದ ಆಡಿಸಿದರು. "ತಾಯಮ್ಮ, ದಿನ ಗೊತ್ತಾಯ್ತು ಕಣಮ್ಮ. ಸಂಸ್ಥೆಯವರು ನಾಲ್ಕು ಜನ ಬರ್ತಾರೆ. ಮಾರ್ಚ್ ಹದಿನೆಂಟು, ಮಧ್ಯಾಹ್ನ ಮೂರಕ್ಕೆ. ಕರೆಂಟಿಲ್ಲದ ಹೊತ್ತೇ ಒಳ್ಳೇದು ಅಂತ ವಸುಮತಿ ಅಂದ್ಲು. ಗಿರಣಿ ಇರಲ್ಲ, ರೇಡಿಯೋ ಇರಲ್ಲ, ಹೊರಗೂ ನಿಶ್ಶಬ್ದ."

"ಹದಿನೆಂಟು ಆಗಕಿಲ್ಲ" ಅಂದೆ.

"ಯಾಕಮ್ಮ?"

"ಅವತ್ತು ಅಡ್ಗೆ ಮಾಡಕ್ಕಾಗಕಿಲ್ಲ ನಂಗೆ."

"ಉಪ್ಪಿಟ್ಟು ಮಾಡು ಸಾಕು."

"ಹತ್ತೊಂಬತ್ತಕ್ಕೆ ಒಬ್ಬಟ್ಟು ಮಾಡ್ತೀನಿ ಮೇಷ್ಟ್ರೇ. ಇಲ್ದಿದ್ರೆ ಗಂಟೆನಾದ್ರೂ ಬದ್ಲಾಯ್ಸಿ. ಐದು ಗಂಟೆಗೆ ಇಟ್ಕಳಿ."

"ಬರೋರು ಐದು ಗಂಟೆ ಬಸ್ಸಿಗೆ ಹೊರಡ್ತಾರಮ್ಮ. ನಿಂಗೇನಾಗಿದೆ? ಕಾರಣ ಹೇಳು, ಬದ್ಲಾಯ್ಸೋಣ."

ಕಾರಣ ನಾ ಹೇಳಲಿಲ್ಲ. "ನಿಮ್ಮ ಸಂಸ್ಥೆಯೋರ ಬಸ್ಸಿಗೆ ಬೆಂಕಿ ಬೀಳ" ಎಂದು ಬೈದೆ. ಮೇಷ್ಟ್ರು ಗಡಿಯಾರ ನೋಡಿ, ನನ್ನ ಕ್ಯಾಲೆಂಡರಿನಲ್ಲಿ ತಾವೇ ಒಂದು ಚುಕ್ಕೆ ಇಟ್ಟು ಹೋದರು.

ಮೂರು ದಿನ ಉಳಿದಿರುವಾಗ ವಸುಮತಿಯ ಕೋಣೆಗೆ ಹೋದೆ. ಅವಳು ಕಪಾಟಿನಿಂದ ಕಾಗದದ ಸುರುಳಿಗಳನ್ನೆಲ್ಲ ಇಳಿಸಿ, ಪಂಜರದ ಹಕ್ಕಿಗಳನ್ನು ಎಣಿಸುವವಳ ಹಾಗೆ ಒಂದೊಂದನ್ನೇ ಮುಟ್ಟುತ್ತಿದ್ದಳು. ಈ ಸಂಕ್ರಾಂತಿಯಿಂದ ಈಚೆಗೆ ಕೋಣೆ ತಿರುಗಿಸಿ ಕೊಟ್ಟ ದಿನಗಳ ಸುರುಳಿಗಳೂ ಇದ್ದವು. ಎಲ್ಲದರಲ್ಲೂ ನೆಟ್ಟನೆಯ ಗೆರೆ. ನಾನು ಕೂರಲಿಲ್ಲ. ಹೋದ ವರ್ಷ ಹದಿನೆಂಟನೇ ತಾರೀಖು ಏನಾಯಿತು ಎಂದು ನಿಂತೇ ಹೇಳಿದೆ. ಗಂಡನನ್ನು ದೂರಲಿಲ್ಲ. ಬೀಗದ ಕೈ ಮೊಳೆಯಲ್ಲಿ ಬಿಟ್ಟವಳು ನಾನು, ಕೂಗಿದವಳೂ ನಾನು.

ಅವಳು ಆ ದಿನದ ಸುರುಳಿ ಹುಡುಕಿ ಕೈಗೆತ್ತಿಕೊಂಡಳು. "ಇಪ್ಪತ್ತಮೂರು ಗಂಟೆ ಯಂತ್ರವನ್ನ ನಂಬಿದೆ. ಒಂದು ಗಂಟೆ ಮನುಷ್ಯರನ್ನ ನಂಬಿದೆ" ಅಂದಳು.

"ಬೈದುಬಿಡಮ್ಮ. ಹೊಡೆದ್ರೂ ಹೊಡಿ."

"ಹೋಗಿ ತಾಯಮ್ಮ. ಈಗ ಹೋಗಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಸಿಕೊಳ್ಳದೆ ಹಿಂದಿರುಗಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ನಮ್ಮ ಮನೆಯವನು ನನ್ನ ಮುಂದೆ ತಲೆ ತಗ್ಗಿಸಿ ಕೂತಾಗ ನನಗೆ ಯಾಕೆ ಅಷ್ಟು ಉರಿಯುತ್ತಿತ್ತು ಅನ್ನುವುದು ಅವತ್ತು ಗೊತ್ತಾಯಿತು.

ಎರಡು ದಿನ ಅವಳು ಅಡುಗೆಮನೆಗೆ ಬರಲಿಲ್ಲ. ಹದಿನೆಂಟರ ಬೆಳಿಗ್ಗೆ ಬಂದಳು. ಕಣ್ಣು ಊದಿತ್ತು. "ದಿನ ಬದಲಾಯಿಸಲ್ಲ, ಗಂಟೆನೂ ಬದಲಾಯಿಸಲ್ಲ. ಒಂದು ಗಂಟೆ ಮುಂದೂಡಿ, ಈ ಕೋಣೆಯಲ್ಲಿ ಏನೂ ಆಗಿಲ್ಲ ಅಂತ ನಾನು ಹೇಳಲಾರೆ. ಆಗಿದೆ. ಬಂದವರಿಗೆ ಮೊದಲೇ ಹೇಳ್ತೀನಿ, ವರ್ಷದಲ್ಲಿ ಒಂದು ಸಲ ಇಲ್ಲಿ ಮಾತಾಗಿದೆ ಅಂತ. ಯಾರದು ಅಂತ ಹೇಳಲ್ಲ. ಆದ್ರೆ ನೀವು ಒಳಗಿರಬೇಕು."

"ದನಿ ಕೇಳಿದ್ರೆ ನನ್ದು ಅಂತ ಊರ ಕುನ್ನಿಗೂ ಗೊತ್ತಾಗ್ತದಲ್ಲಮ್ಮ."

"ಗೊತ್ತಾಗ್ಲಿ. ನಾನೂ ಒಳಗೇ ಕೂತಿರ್ತೀನಲ್ಲ."

ಮರಿಸ್ವಾಮಿಗೆ ಹೇಳಿದೆ. ಅವನ ಮುಖ ಬಿಳುಚಿಕೊಂಡಿತು. ಗಿರಣಿಯಲ್ಲಿ ಕೆಲಸವಿದೆ ಅಂದ. ಕರೆಂಟಿಲ್ಲದ ಗಿರಣಿಯಲ್ಲಿ ಏನು ಕೆಲಸವೋ, ಹೊರಟುಹೋದ.

ಮೂರು ಗಂಟೆಗೆ ಸರಿಯಾಗಿ ಇಪ್ಪತ್ತೈದು ಮೂವತ್ತು ಜನ ಬರಿಗಾಲಲ್ಲಿ ಒಳಗೆ ಬಂದು ಕೌದಿಗಳ ಮೇಲೆ ಕೂತೆವು. ಹೆಂಗಸರು ಬಳೆ ಬಿಚ್ಚಿಟ್ಟು ಬಂದಿದ್ದರು. ಬಾಗಿಲು ಮುಚ್ಚಿದರು. ಒಂದು ಸಣ್ಣ ದೀಪ ಮಾತ್ರ.

ಅದನ್ನು ಹೇಗೆ ಹೇಳಲಿ. ಮೊದಲು ಕಿವಿಯಲ್ಲಿ ನೀರು ಹೋದ ಹಾಗಾಯಿತು. ನಮ್ಮತ್ತೆ ಕಿವಿಗೆ ಬೆರಳು ಹಾಕಿ ಅಲ್ಲಾಡಿಸಿಕೊಂಡರು. ಆಮೇಲೆ ಜನ ಒಬ್ಬರನ್ನೊಬ್ಬರು ನೋಡತೊಡಗಿದರು, ಕಳೆದುಹೋದ ವಸ್ತು ಯಾರ ಹತ್ತಿರ ಇದೆಯೋ ಎಂದು ಹುಡುಕುವವರ ಹಾಗೆ. ಹೋದ ವರ್ಷದ್ದು ಏನೂ ಇಲ್ಲ. ಈ ವರ್ಷದ್ದೂ ಏನೂ ಇಲ್ಲ. ನಾಗೋಜಿ ಮೇಷ್ಟ್ರು ಕಣ್ಣು ಮುಚ್ಚಿದ್ದರು, ಅವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಂಡರೆ ಸದ್ದಾದೀತೆಂದು ಹಾಗೇ ಬಿಟ್ಟಿದ್ದರು. ನನ್ನ ಗುಡ್ಡದಾಚೆಯ ಹಳ್ಳಿಯಲ್ಲಿ ಮಟಮಟ ಮಧ್ಯಾಹ್ನ ಹೊಲದ ಬದುವಿನಲ್ಲಿ ಒಬ್ಬಳೇ ಕೂತಾಗ ಹೀಗಿರುತ್ತಿತ್ತು. ಹದಿನಾಲ್ಕು ತಿಂಗಳು ಈ ಹೆಂಗಸು ಕಾದು ಕಾದು ಅದನ್ನು ತಂದು ನಮ್ಮ ಮುಂದೆ ಇಟ್ಟಿದ್ದಳು. ಅದನ್ನು ಒಡೆಯುವವಳು ನಾನು. ಈಗ ಒಡೆಯುತ್ತೇನೆ, ಈಗ ಒಡೆಯುತ್ತೇನೆ ಎಂದು ನೆಲ ನೋಡುತ್ತ ಕೂತಿದ್ದೆ.

"ಎಲಾ ಎಲಾ!"

ಮೂವತ್ತು ಜನ ಒಟ್ಟಿಗೆ ಬೆಚ್ಚಿದರು. ಬಾಗಿಲ ಕಡೆಯಿಂದ ನನ್ನ ದನಿ ಬಂತು, ಒಂದು ಅಕ್ಷರ ಬಿಡದೆ. ದೊರೆ, ಹಾಸಿಗೆ ಮನೆ, ಹಾಳು ಬಾವಿ, ಬೀಸೋ ಕಲ್ಲು. ಆ ಮೌನದ ಮಧ್ಯೆ ಅದು ಎಷ್ಟು ದೊಡ್ಡದಾಗಿತ್ತು ಅಂದರೆ ನನ್ನ ಮೈಯೆಲ್ಲ ಕುಗ್ಗಿತು. ನಾನು ಹೀಗೆ ಕೇಳಿಸುತ್ತೇನೆಯೇ? ದಿನಾ ಅವನು ಇದನ್ನು ಎರಡೆರಡು ಸಲ ಕೇಳುತ್ತಾನೆಯೇ? ಸಂಸ್ಥೆಯಿಂದ ಬಂದವನೊಬ್ಬ ಕಿಸಕ್ಕನೆ ನಕ್ಕ. ನಮ್ಮೂರವರು ನಗಲಿಲ್ಲ. ಹಳೇ ಮಾತಿನ ಒಡೆಯರು ಎದುರಿಗಿದ್ದರೆ ಅವರ ಮುಖ ನೋಡಬಾರದು ಅನ್ನುವುದು ಇಲ್ಲಿಯ ಮರ್ಯಾದೆ. ಎಲ್ಲರೂ ತಮ್ಮ ತಮ್ಮ ಕಾಲ ಬೆರಳು ನೋಡಿದರು. ದಡಾರನೆ ಬಾಗಿಲ ಸದ್ದಾಯಿತು.

ಮುಗಿಯಿತು ಎಂದು ಆ ನಕ್ಕವನು ಎದ್ದ. ವಸುಮತಿ ಕೈ ಎತ್ತಿ ಕೂರು ಎಂದು ಸನ್ನೆ ಮಾಡಿದಳು. ಅವಳ ಕಿವಿ ಏನನ್ನೋ ಹಿಡಿದಿತ್ತು. ಕೌದಿ ಸರಿದ ಹಾಗೆ, ಯಾರೋ ಎದ್ದು ಕೂತ ಹಾಗೆ. ಆಮೇಲೆ ಒಂದು ಉಸಿರು. ಆಮೇಲೆ ನನ್ನ ಗಂಡನ ದನಿ. ಹತ್ತು ವರ್ಷ ಸಂಸಾರ ಮಾಡಿದ್ದೆ, ಅವನ ದನಿ ಅಷ್ಟು ತೆಳ್ಳಗಿದೆ ಎಂದು ನನಗೆ ಗೊತ್ತಿರಲಿಲ್ಲ.

"ಮಾಡ್ತೀನಿ ಕಣೆ, ನಾನೂ ಸದ್ದು ಮಾಡ್ತೀನಿ" ಅಂದ. ಸ್ವಲ್ಪ ಬಿಟ್ಟು, "ನೀನು ಒಂದು ಗಳಿಗೆ ಸುಮ್ಕಿದ್ರೆ ಕೇಳಿಸ್ತದೆ."

ಅಷ್ಟೆ. ನಾನು ಹೊರಟುಹೋದ ಮೇಲೆ, ಯಾರೂ ಇಲ್ಲದ ಕೋಣೆಗೆ ಅವನು ಕೊಟ್ಟ ಉತ್ತರ. ಕೋಣೆ ಅದನ್ನು ಒಂದು ವರ್ಷ ಇಟ್ಟುಕೊಂಡಿತ್ತು. ಮತ್ತೆ ಏನೂ ಇಲ್ಲ. ಆಮೇಲಿನ ಮೌನ ಮೊದಲಿನ ಮೌನದ ಹಾಗಿರಲಿಲ್ಲ. ಯಾರೂ ಕದಲಲಿಲ್ಲ. ನನಗೆ ಬಾಯಿ ಬಿಡಬಾರದು ಅಂತ ಗೊತ್ತಿತ್ತು. ಬಿಟ್ಟೆ. ಕೂಗಲಿಲ್ಲ, ಅವನಷ್ಟೇ ತೆಳ್ಳಗೆ ಹೇಳಿದೆ.

"ಈಗ ಕೇಳಿಸ್ತು."

ನಾಲ್ಕು ಗಂಟೆಗೆ ಜನ ಹೊರಬಂದರು. ಉಪ್ಪಿಟ್ಟು ಆರಿತ್ತು, ಯಾರೂ ದೂರಲಿಲ್ಲ. ಸಂಸ್ಥೆಯವರು ಅದನ್ನು ದೊಡ್ಡ ಕೆಲಸ ಎಂದು ಬರೆದುಕೊಂಡು ಹೋದರು. ಮುಂದಿನ ತಿಂಗಳು ವಸುಮತಿ ಹೊರಟಳು. ಬಸ್ಸಿನ ಹತ್ತಿರ ನನ್ನ ಕೈ ಹಿಡಿದು ಹೇಳಿದಳು, "ನಾನು ಮಾಡಬೇಕು ಅಂದ್ಕೊಂಡಿದ್ದಕ್ಕಿಂತ ಚೆನ್ನಾಗಿಯೇ ಆಯ್ತು ತಾಯಮ್ಮ. ಆದ್ರೂ ನಿಮ್ಮ ಮೇಲಿನ ಕೋಪ ಹೋಗಿಲ್ಲ. ಯಾವತ್ತೂ ಹೋಗಲ್ಲ ಅನ್ಸುತ್ತೆ."

"ಹೋಗೋದು ಬ್ಯಾಡ, ಇಟ್ಕ" ಅಂದೆ. ನನಗೆ ಅಂಥವರೇ ಇಷ್ಟ.

ಮರುವರ್ಷ ಹದಿನೆಂಟಕ್ಕೆ ನಾನು ಮರಿಸ್ವಾಮಿಯ ಕೈ ಹಿಡಿದು ಗೋದಾಮಿಗೆ ಕರೆದುಕೊಂಡು ಹೋದೆ. ಒಳಗೆ ಮೂವತ್ತು ಜನರ ಉಸಿರು, ಒಂದು ಕಿಸಕ್ಕನೆ ನಗು, ಆಮೇಲೆ ನನ್ನ "ಈಗ ಕೇಳಿಸ್ತು." ಅವನು ಅದನ್ನು ಕೇಳಿ ನನ್ನನ್ನು ನೋಡಿದ. "ನೀನು ಸ್ವಲ್ಪ ಆಚೆಗೆ ಹೋಗು" ಅಂದ. ಬಾವಿಕಟ್ಟೆಯವರೆಗೆ ಹೋದೆ. ಅವನು ಒಳಗೆ ಏನೋ ಹೇಳಿ ಬೀಗ ಹಾಕಿಕೊಂಡು ಬಂದ. ಏನಂದೆ ಎಂದು ಕೇಳಿದರೆ ಹೇಳಲಿಲ್ಲ. ಒಂದು ವರ್ಷ ಕಾದೆ. "ಕೇಳುಸ್ಕಳಕ್ಕೆ ಒಂದೊರ್ಷ ಬೇಕಾಯ್ತಲ್ಲೇ ನಿಂಗೆ" ಅಂದಿದ್ದ. ಅವನನ್ನು ಆಚೆ ಕಳಿಸಿ ನಾನು ನನ್ನ ಉತ್ತರ ಹೇಳಿದೆ. "ನೀನು ಜೋರಾಗಿ ಅಂದಿದ್ರೆ ಅವತ್ತೇ ಕೇಳುಸ್ತಿತ್ತು." ಅದಕ್ಕೆ ಅವನು, "ಜೋರೆಲ್ಲ ನಿಮ್ಮಪ್ಪನ ಮನೇಲೇ ಖರ್ಚಾಗಿತ್ತು, ನಂಗೆ ಎಲ್ಲಿ ಉಳ್ಸಿದ್ರು?"

ಹೀಗೆ ನಡೆದುಕೊಂಡು ಬಂದಿದೆ. ವರ್ಷಕ್ಕೆ ಒಂದೇ ಮಾತು, ಒಂದು ವರ್ಷ ನನ್ನದು, ಒಂದು ವರ್ಷ ಅವನದು. ಮನೆಯಲ್ಲಿ ನಾನು ಬೈಯುವುದು ಬಿಟ್ಟಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಗೋದಾಮಿನ ಮಾತನ್ನು ಮನೆಯಲ್ಲಿ ಎತ್ತುವುದಿಲ್ಲ. ಸಂಸ್ಥೆಯವರು ನಾಲ್ಕೈದು ವರ್ಷಕ್ಕೆ ಕೈಬಿಟ್ಟರು. ಮೇಷ್ಟ್ರು ತೀರಿಕೊಂಡರು. ತಂತಿ, ಪೆಟ್ಟಿಗೆಯ ಮಕ್ಕಳು ಬರುವುದು ನಿಂತಿತು. ಹೊಗೆಯ ಮೇಲೆ ಸಿನಿಮಾ ಬಿಟ್ಟವಳು, ಮರಕ್ಕೆ ಕಿವಿಗೊಟ್ಟವನು ಎಲ್ಲಿದ್ದಾರೋ. ಅಡುಗೆಮನೆಯಲ್ಲಿ ಒಬ್ಬಳೇ ನಿಂತರೆ ಈಗಲೂ ಯಾರಾದರೂ ಬಂದು "ತಾಯಮ್ಮ, ಒಂದು ನಿಮಿಷ ಬಂದು ನೋಡಿ, ಹೇಗಿದೆ ಹೇಳಿ" ಅನ್ನಬಾರದೇ ಅನ್ನಿಸುತ್ತದೆ. ಗೋದಾಮಿನ ಬೀಗದ ಕೈಯನ್ನು ಯಾರೂ ಕೇಳಲಿಲ್ಲ, ನಾನೂ ಕೊಡಲಿಲ್ಲ.

ಆ ಮೂವತ್ತು ಜನ ಕೂತ ದಿನಕ್ಕೆ ಈ ಮಾರ್ಚಿಗೆ ಇಪ್ಪತ್ತೆರಡು ವರ್ಷ. ಈ ಸಲ ನನ್ನ ಸರದಿ. ಹೋದ ವರ್ಷ ನನ್ನ ಹಿಂದಿನ ಮಾತು ತಿರುಗಿ ಬಂದಾಗ ಮರಿಸ್ವಾಮಿ ಕಿವಿಗೆ ಅಂಗೈ ಒಡ್ಡಿ ಬಾಗಿ ಕೂತಿದ್ದ. ಮಾತು ಮುಗಿದ ಮೇಲೂ ಹಾಗೇ ಕೂತಿದ್ದ, ಇನ್ನೂ ಬರಬೇಕೇನೋ ಅನ್ನುವ ಹಾಗೆ. ಗಿರಣಿಯ ಸದ್ದು ಅವನ ಕಿವಿ ತಿಂದಿದೆ. ಮತ್ತೊಮ್ಮೆ ಕೇಳಿಸೋಣವೆಂದರೆ ಬಂದದ್ದು ಮತ್ತೆ ಬರುವುದಿಲ್ಲ. ನನ್ನನ್ನು ಆಚೆ ಕಳಿಸಿ ಏನೋ ಒಂದು ಉತ್ತರ ಹೇಳಿ ಬಂದ, ಪಾಪ, ಯಾವ ಮಾತಿಗೆ ಹೇಳಿದನೋ. ಈ ವರ್ಷ ನಾನು ಹೇಳುವುದು ಅವನಿಗೆ ಸಿಗುವುದು ಮುಂದಿನ ವರ್ಷ. ಅಷ್ಟು ಹೊತ್ತಿಗೆ ಕಿವಿ ಇನ್ನೆಷ್ಟು ಹೋಗಿರುತ್ತದೋ. ಅದಕ್ಕೇ ತೀರ್ಮಾನ ಮಾಡಿದ್ದೇನೆ. ಈ ಸಲ ತೆಳ್ಳಗೆ ಹೇಳುವುದಿಲ್ಲ. ಹೊಲದ ಆ ಬದುವಿಗೆ ಕೇಳುವ ಹಾಗೆ, ಗೋದಾಮಿನ ಕೌದಿಗಳೆಲ್ಲ ಉದುರುವ ಹಾಗೆ ಕೂಗುತ್ತೇನೆ. ಏನು ಕೂಗುತ್ತೇನೆ ಎಂದು ಮಾತ್ರ ಇಲ್ಲಿ ಬರೆಯುವುದಿಲ್ಲ. ನನ್ನ ಗಂಡನಿಗೆ ಹೋಗಿರುವುದು ಕಿವಿ, ಕಣ್ಣು ಇನ್ನೂ ಚುರುಕಾಗಿದೆ.